ಮಾರುವ ಮನೆಗೆ ಹೊಸ ಅಡುಗೆಮನೆ ಯಾಕೆ?

ಮೈಸೂರಿನಲ್ಲಿದ್ದ ಅಕ್ಕನ ಮನೆಗೆ ಮೊದಲು ಬಂದ ಬೆಲೆ 95 ಲಕ್ಷ. ಮೂವತ್ತು-ನಲವತ್ತರ ಸೈಟು, ಮೇಲೊಂದು ರೂಮಿರುವ ಹಳೇ ಮನೆ. ಕೇಳಿದವರು ಸಾಲಕ್ಕೆ ಹೋಗುವವರಲ್ಲ, ತಿಂಗಳೊಳಗೆ ರಿಜಿಸ್ಟರ್ ಮಾಡಿಸಿಕೊಳ್ಳಲು ತಯಾರಿದ್ದರು. ಅಷ್ಟರಲ್ಲಿ ಬ್ರೋಕರ್ ಹೇಳಿದ: "ಮೇಡಂ, ಹೀಗೇ ತೋರಿಸಿದ್ರೆ ಇಷ್ಟೇ. ಒಳಗೆ ಸ್ವಲ್ಪ ರೆಡಿ ಮಾಡಿಸಿ, ಒಂದು ಕೋಟಿ ಐದಕ್ಕೆ ನಾನು ಕೊಡಿಸ್ತೀನಿ." ಅಕ್ಕ ಒಪ್ಪಿದಳು. ಮುಂದಿನ ಲೆಕ್ಕವನ್ನೆಲ್ಲ ಇಟ್ಟವನು ನಾನು. ಅವಳ ಒಪ್ಪಿಗೆ ಪಡೆದೇ ಇಲ್ಲಿ ಬಿಚ್ಚಿಡುತ್ತಿದ್ದೇನೆ.

ಮಾಡ್ಯುಲರ್ ಕಿಚನ್ 2.9 ಲಕ್ಷ. ಫಾಲ್ಸ್ ಸೀಲಿಂಗ್ ಮತ್ತು ಲೈಟು 1.3 ಲಕ್ಷ. ಪೇಂಟು, ವಾಲ್‌ಪೇಪರ್ 1.2 ಲಕ್ಷ. ಬಚ್ಚಲುಮನೆಯ ಟೈಲ್ಸ್ 1 ಲಕ್ಷ. ಒಟ್ಟು 6.4 ಲಕ್ಷ. ಕೆಲಸ ಮುಗಿದು, ಜನ ನೋಡಿ, ಚೌಕಾಸಿಯಾಗಿ ಕೊನೆಗೆ ಮನೆ ಹೋದದ್ದು 97.5 ಲಕ್ಷಕ್ಕೆ, ಏಳು ತಿಂಗಳ ನಂತರ.

ಎರಡೂವರೆ ಲಕ್ಷ ಜಾಸ್ತಿ ಬಂತಲ್ಲ ಎಂದು ಮನೆಯಲ್ಲಿ ಎಲ್ಲರೂ ಸಮಾಧಾನಪಟ್ಟರು. ಖರ್ಚು ಕಳೆದರೆ 3.9 ಲಕ್ಷ ಕೈಬಿಟ್ಟಿದೆ ಎಂದು ನಾನು ಹೇಳಿದಾಗಲೂ ಅದು ಅರ್ಧ ಲೆಕ್ಕವೇ ಆಗಿತ್ತು. 95 ಲಕ್ಷ ಆಗಲೇ ಬಂದು ಶೇ. 7ರ ಎಫ್‌ಡಿಯಲ್ಲಿ ಕೂತಿದ್ದರೆ ವರ್ಷಕ್ಕೆ 6.65 ಲಕ್ಷ ಬಡ್ಡಿ, ಏಳು ತಿಂಗಳಿಗೆ ಸುಮಾರು 3.88 ಲಕ್ಷ. ಅದನ್ನು 6.4ಕ್ಕೆ ಸೇರಿಸಿದರೆ 10.28 ಲಕ್ಷ. ಹೆಚ್ಚಿಗೆ ಬಂದ 2.5 ಕಳೆಯಿರಿ. ಉಳಿಯುವುದು 7.78 ಲಕ್ಷ, ಅಕ್ಕನ ಜೇಬಿನಿಂದ ಹೋದದ್ದು. ಬಡ್ಡಿಯ ಮೇಲಿನ ತೆರಿಗೆ ಬಿಟ್ಟು ಹೇಳುತ್ತಿದ್ದೇನೆ. ಅದನ್ನು ಹಿಡಿದರೆ ಅಂಕಿ ಸ್ವಲ್ಪ ಇಳಿಯುತ್ತದೆ. ಮನೆ ಖಾಲಿ ಇದ್ದದ್ದಕ್ಕೆ ಬಾಡಿಗೆ ನಷ್ಟವನ್ನೂ ಸೇರಿಸಬೇಕು ಎಂದು ಭಾವ ವಾದಿಸಿದರು. ಸೇರಿಸಬಾರದು. ಮಾರಿದ್ದರೆ ಬಾಡಿಗೆ ಬರುತ್ತಿರಲಿಲ್ಲ, ಇಟ್ಟುಕೊಂಡಿದ್ದರೆ ಬಡ್ಡಿ ಬರುತ್ತಿರಲಿಲ್ಲ. ಎರಡರಲ್ಲಿ ಒಂದನ್ನೇ ಹಿಡಿಯಬೇಕು.

ಹೀಗಾಗುವುದಕ್ಕೆ ಕಾರಣವಿದೆ. ನಮ್ಮ ಊರುಗಳಲ್ಲಿ ಹಳೆಯ ಸ್ವತಂತ್ರ ಮನೆ ಕೊಳ್ಳುವವರು ಬೆಲೆ ಕಟ್ಟುವುದು ಸೈಟಿನ ಚದರಡಿಗೆ. ಕಟ್ಟಡಕ್ಕೆ ಮೇಲೆ ಇಷ್ಟೋ ಅಷ್ಟೋ ಸೇರಿಸುತ್ತಾರೆ. ಬೇಕಾದದ್ದು ರಸ್ತೆಯ ಅಗಲ, ಬಾಗಿಲು ಯಾವ ದಿಕ್ಕಿಗೆ, ಮೇಲೆ ಇನ್ನೊಂದು ಮಹಡಿ ಏರಿಸಬಹುದೇ ಎಂಬುದು. ಕೊನೆಗೆ ಕೊಂಡ ದಂಪತಿ ಹೊಸ ಕಿಚನ್ ನೋಡಿದ ಕೂಡಲೇ ಅಂದರು, "ಅಡುಗೆಮನೆ ಆಗ್ನೇಯಕ್ಕಿಲ್ಲ ಅಮ್ಮ, ಇದನ್ನೆಲ್ಲ ಒಡೆಸ್ಲೇಬೇಕು. ಸೈಟಿಗೆ ರೇಟ್ ಹೇಳಿ." ಸಾಲ ಮಾಡಿ ಕೊಳ್ಳುವವರ ಕಷ್ಟ ಇನ್ನೊಂದು. ಬ್ಯಾಂಕು ನೋಡುವುದು ತನ್ನ ವ್ಯಾಲ್ಯುಯರ್ ಕೊಟ್ಟ ಅಂಕಿಯನ್ನು. ಅಂದಕ್ಕೆಂದು ನೀವು ಏರಿಸಿದ ಬೆಲೆಯನ್ನು ಅವರು ಕೈಯಿಂದಲೇ ತರಬೇಕು. ಕ್ರಯಪತ್ರದಲ್ಲಿ ಪ್ರತಿ ಲಕ್ಷ ಏರಿದರೂ ಮುದ್ರಾಂಕ, ಸೆಸ್, ಸರ್‌ಚಾರ್ಜ್ ಜೊತೆಗೆ 2025ರ ಆಗಸ್ಟ್ ಕೊನೆಯಿಂದ ಶೇ. 2ಕ್ಕೇರಿದ ನೋಂದಣಿ ಶುಲ್ಕ, ಎಲ್ಲ ಸೇರಿ ಈಗ 7,600 ರೂಪಾಯಿ ಅವರಿಗೆ ಹೆಚ್ಚುವರಿ. ಫ್ಲ್ಯಾಟಿನ ಮಾತು ಸ್ವಲ್ಪ ಬೇರೆ. ಅಲ್ಲಿ ಒಳಗಿನ ಅಂದಕ್ಕೂ ಬೆಲೆಯಿದೆ, ಆದರೆ ಹಾಕಿದಷ್ಟು ಬರುವುದಿಲ್ಲ.

ಇನ್ನು ಮಾರುವ ಮನೆಗೆಂದೇ ಇಂಟೀರಿಯರ್‌ನವರು ಕೊಡುವ "ರೀಸೇಲ್ ಮೇಕ್‌ಓವರ್ ಪ್ಯಾಕೇಜ್". ಇಎಂಐನಲ್ಲಿ ಕೊಡುತ್ತಾರೆ, ಇಪ್ಪತ್ತೊಂದು ದಿನದಲ್ಲಿ ಮುಗಿಸುತ್ತೇವೆ ಎನ್ನುತ್ತಾರೆ. ಕ್ಯಾಬಿನೆಟ್ಟಿನ ಹಲಗೆ ಯಾವುದು ಎಂದು ಕೇಳಿ ನೋಡಿ. ಸಿಂಕಿನ ಕೆಳಗೆ ಬೇಕಾದದ್ದು ಐಎಸ್ 710ರ ಬಿಡಬ್ಲ್ಯುಪಿ ಪ್ಲೈವುಡ್. ಇವರು ಹಾಕುವುದು ಒಮ್ಮೆ ನೀರು ಕುಡಿದರೆ ಉಬ್ಬಿ ನಿಲ್ಲುವ ಪಾರ್ಟಿಕಲ್ ಬೋರ್ಡ್. ಇನ್ನೂ ಕೆಟ್ಟದ್ದೆಂದರೆ ತೇವ ಹಿಡಿದ ಗೋಡೆಯ ಮೇಲೆ ವಾಲ್‌ಪೇಪರ್ ಅಂಟಿಸುವುದು. ಅದು ಅಂದವಲ್ಲ, ಮುಚ್ಚಿಡುವ ಕೆಲಸ. ಸಾಮಾನ್ಯ ಎಚ್ಚರದಿಂದ ನೋಡಿದರೂ ಕೊಳ್ಳುವವನ ಕಣ್ಣಿಗೆ ಬೀಳದ, ಮಾರುವವನಿಗೆ ಗೊತ್ತಿರುವ ದೊಡ್ಡ ದೋಷವನ್ನು ತಿಳಿಸಬೇಕೆಂದು 1882ರ ಆಸ್ತಿ ವರ್ಗಾವಣೆ ಕಾಯ್ದೆಯ 55ನೇ ಕಲಮು ಹೇಳುತ್ತದೆ. ಕಾನೂನು ಹಾಗಿರಲಿ, ಇನ್ನೊಂದು ಕುಟುಂಬ ಜೀವಮಾನದ ಉಳಿತಾಯ ಹಾಕಿ ಬರುವ ಮನೆಗೆ ಹಾಗೆ ಮಾಡುವುದು ನ್ಯಾಯವಲ್ಲ. ಈ ಪ್ಯಾಕೇಜುಗಳನ್ನು ಯಾರಿಗೂ ನಾನು ಹೇಳಲಾರೆ.

ತುಮಕೂರಿನ ನನ್ನ ಮನೆ ಮಾರುವಾಗ ಖರ್ಚು ಮಾಡಿದ್ದು 48 ಸಾವಿರ. ಹೆಚ್ಚಿನದು ತಾರಸಿಗೇ ಹೋಯಿತು: ಬಿರುಕು ಮುಚ್ಚಿಸಿ ವಾಟರ್‌ಪ್ರೂಫಿಂಗ್ ಮಾಡಿಸಿದೆ, ಮಳೆನೀರಿನ ಪೈಪು ಬದಲಿಸಿದೆ. ಆಮೇಲೆ ಸಂಪು ತೊಳೆಸಿ, ಸೋರುವ ನಲ್ಲಿಗಳ ವಾಷರ್ ಹಾಕಿಸಿ, ಹಾಲಿಗೆ ಬಿಳಿ ಡಿಸ್ಟೆಂಪರ್, ಗೇಟಿಗೆ ಬಣ್ಣ ಬಳಿಸಿದೆ. ಅಟ್ಟದ ಮೇಲಿನ ಹಳೇ ಸಾಮಾನೆಲ್ಲ ಗುಜರಿಗೆ ಹೋಯಿತು. ರೂಮು ದೊಡ್ಡದಾಗಿ ಕಾಣುವುದಕ್ಕೆ ಅದಕ್ಕಿಂತ ಅಗ್ಗದ ಉಪಾಯ ನನಗೆ ಗೊತ್ತಿಲ್ಲ. ಬ್ರೋಕರಿಗೆ ಹೇಳುವ ಮೊದಲೇ ಇ-ಖಾತೆ ತೆಗೆಸಿದೆ. ಖಾತೆಯಲ್ಲಿದ್ದ ಅಳತೆ ಕ್ರಯಪತ್ರಕ್ಕೆ ಹೊಂದುತ್ತಿರಲಿಲ್ಲ. ತಿದ್ದುಪಡಿಗೆ ಹಿಡಿದ ಕಾಲ ಪೇಂಟಿಗಿಂತ ಹೆಚ್ಚು. ಇಸಿ, ಕಂದಾಯ ರಸೀದಿ, ಪ್ಲಾನು, ಹಿಂದಿನ ಕ್ರಯಪತ್ರಗಳನ್ನು ಒಂದೇ ಫೈಲಿನಲ್ಲಿ ಜೋಡಿಸಿ, ಮನೆ ನೋಡಲು ಬಂದವರಿಗೆ ಕಾಫಿಯ ಜೊತೆಗೇ ಜೆರಾಕ್ಸ್ ಕೊಟ್ಟೆ. ಕೊಂಡವರು ಆಮೇಲೆ ಹೇಳಿದ್ದು ಆ ಫೈಲನ್ನು ನೋಡಿಯೇ ಧೈರ್ಯ ಬಂತು ಎಂದು.

ನಮ್ಮಲ್ಲೊಂದು ಅಭ್ಯಾಸವಿದೆ. ನಾವು ಇರುವಷ್ಟು ವರ್ಷ ಸೋರುವ ಬಚ್ಚಲಿನ ಜೊತೆ ಸಂಸಾರ ಮಾಡುತ್ತೇವೆ, ಮಾರುವ ತಿಂಗಳಲ್ಲಿ ಕಾಣದವರಿಗಾಗಿ ಲಕ್ಷಗಟ್ಟಲೆ ಸುರಿಯುತ್ತೇವೆ. ಆ ಕಿಚನ್ ಅಕ್ಕನಿಗೆ ಬೇಕಿದ್ದುದು ಹದಿನೈದು ವರ್ಷ ಹಿಂದೆ, ಮಕ್ಕಳ ಡಬ್ಬಿಗೆ ಬೆಳಗಿನ ಐದಕ್ಕೆ ಎದ್ದು ನಿಲ್ಲುತ್ತಿದ್ದಾಗ. ಮಳೆಗಾಲಕ್ಕೆ ಮುಂಚೆ ಪ್ರತಿವರ್ಷ ತಾರಸಿ ಹತ್ತಿ ನೋಡುವ ಮನೆಯವರಿಗೆ ಮಾರುವಾಗ ಮಾಡಿಸಲು ಹೆಚ್ಚೇನೂ ಉಳಿದಿರುವುದಿಲ್ಲ.

ಬಿಲ್ಲು ಇಡುವ ಅಭ್ಯಾಸವೂ ಕಡಿಮೆ. ಅಕ್ಕ ಮಹಡಿಯ ರೂಮಿಗೆ ಸುಮಾರು ನಾಲ್ಕು ಲಕ್ಷ ಹಾಕಿದ್ದಳು, ಎಲ್ಲ ನಗದು, ಒಂದು ಚೀಟಿಯೂ ಇಲ್ಲ. ಶೇ. 12.5ರ ದೀರ್ಘಾವಧಿ ಬಂಡವಾಳ ಲಾಭ ತೆರಿಗೆಯ (ಎಲ್‌ಟಿಸಿಜಿ) ಲೆಕ್ಕದಲ್ಲಿ ಅದಕ್ಕೆ ಸಿಗಬೇಕಿದ್ದ 50 ಸಾವಿರದ ಉಳಿತಾಯ ಸಿಗಲಿಲ್ಲ. ಮಾರುವ ಮುಂಚಿನ ಪೇಂಟಿನ ಬಿಲ್ಲು ಅವಳ ಹತ್ತಿರ ಜೋಪಾನವಾಗಿತ್ತು. ರಿಪೇರಿ ಖರ್ಚನ್ನು ಇಂಪ್ರೂವ್‌ಮೆಂಟ್ ಎಂದು ತೋರಿಸಲಾಗದು ಎಂದು ಆಡಿಟರ್ ಅದನ್ನು ಪಕ್ಕಕ್ಕಿಟ್ಟರು. ಮನೆಗೆ ಹೊಸದಾಗಿ ಏನು ಕಟ್ಟಿಸಿದರೂ ಹಣವನ್ನು ಬ್ಯಾಂಕಿನ ಮೂಲಕ ಕೊಡಿ, ಮೇಸ್ತ್ರಿಯಿಂದ ರಸೀದಿ ಬರೆಸಿಕೊಳ್ಳಿ, ಕ್ರಯಪತ್ರ ಇರುವ ಫೈಲಿನಲ್ಲೇ ಅದನ್ನೂ ಇಡಿ.