ಒಂದೇ ಪೋರ್ಟಿನ ಮೂರು ಸಂಸಾರ

ಸಂಸೆಯ ಒಂದು ಕಾಫಿ ತೋಟದ ನೆಟ್‌ವರ್ಕ್ ನನ್ನ ಹೆಗಲಿಗೆ ಬಿದ್ದದ್ದು ನಾನು ಬಲ್ಲವನೆಂದಲ್ಲ, ಹತ್ತಿರದಲ್ಲಿ ಬೇರೆ ಯಾರೂ ಸಿಗಲಿಲ್ಲವೆಂದು. ರೂಟರಿನ ಒಂದೇ ಪೋರ್ಟಿನ ಮೇಲೆ ಮೂರು ವಿಲ್ಯಾನ್, ಅಂದರೆ ಒಂದೇ ತಂತಿಯಲ್ಲಿ ಬೇರೆಬೇರೆಯಾಗಿ ಓಡುವ ಮೂರು ನೆಟ್‌ವರ್ಕ್: ಆಫೀಸಿಗೆ 10, ಹೋಂಸ್ಟೇಗೆ 20, ಕಾಫಿ ಕಣದ ಕ್ಯಾಮೆರಾಗಳಿಗೆ 30. ಒಂದೊಂದಕ್ಕೂ ಒಂದು ಸಬ್‌ಇಂಟರ್‌ಫೇಸ್.

1. ಇಡೀ ಪೋರ್ಟಿನ ಲೆಕ್ಕ ನೋಡಿ ಕಂಪನಿಯ ಮೇಲೆ ಗೂಬೆ ಕೂರಿಸಿದೆ.

ನೆಟ್ ನಿಧಾನ ಎಂದು ದೂರು ಬಂತು. ಪರದೆಯಲ್ಲಿ ಪೋರ್ಟಿನ ಲೋಡ್ 255ಕ್ಕೆ 51. ಐದರಲ್ಲಿ ಒಂದು ಪಾಲು ತಾನೇ, ಲೈನ್ ತುಂಬಿಲ್ಲ ಎಂದೆ. ತೋಟದ ರೈಟರಿಗೆ ಲೈನ್ ಎಂದರೆ ಕೆಲಸದವರ ಮನೆಗಳ ಸಾಲು. "ಹೌದು, ಎರಡು ಮನೆ ಖಾಲಿ ಇವೆ" ಎಂದರು. ನಾನು ಇಂಟರ್‌ನೆಟ್ ಕಂಪನಿಗೆ ಫೋನ್ ಮಾಡಿ ಜಗಳವಾಡಿದೆ. ಆಮೇಲೆ ಹೊಳೆಯಿತು: ಪೋರ್ಟಿನ ವೇಗ 100 ಎಂಬಿಪಿಎಸ್, ನಾವು ದುಡ್ಡು ಕಟ್ಟುತ್ತಿದ್ದ ಪ್ಲಾನು 20. ನೂರರಲ್ಲಿ ಇಪ್ಪತ್ತು ಎಂದರೆ 255ಕ್ಕೆ 51. ಲೈನ್ ಕುತ್ತಿಗೆಯವರೆಗೆ ತುಂಬಿತ್ತು.

ತುಂಬಿಸಿದವರು ಯಾರೆಂದು ಸಬ್‌ಇಂಟರ್‌ಫೇಸ್ ತೆರೆದರೆ ನಮ್ಮ ರೂಟರಿನಲ್ಲಿ ವೇಗದ ಸಾಲೇ ಇಲ್ಲ, ದಾಟಿಹೋದ ಬೈಟುಗಳ ಮೊತ್ತ ಮಾತ್ರ. ಅದನ್ನು ಎರಡು ಸಲ ಓದಿ, ಕಳೆದು, ಬಿಟ್ಟಿಗೆ ತರಲು 8ರಿಂದ ಗುಣಿಸಿ, ನಡುವಿನ ಸೆಕೆಂಡುಗಳಿಂದ ಭಾಗಿಸಬೇಕು. 8ರಿಂದ ಗುಣಿಸುವುದನ್ನು ಒಂದು ವಾರ ಮರೆತೇ ಇದ್ದೆ.

2. ಒಳಗೆ ಯಾವುದು, ಹೊರಗೆ ಯಾವುದು?

ಈ ಲೆಕ್ಕವನ್ನೇ ಗ್ರಾಫ್ ಮಾಡಿಟ್ಟೆ. ಶನಿವಾರ ರಾತ್ರಿ ಅದರಲ್ಲಿ ವಿಲ್ಯಾನ್ 20ರ 'ಔಟ್' ಗೆರೆ ಗುಡ್ಡದ ಹಾಗೆ ಏರುತ್ತಿತ್ತು. ನೇತ್ರಾವತಿ ಶಿಖರ ಹತ್ತಲು ಬಂದ ಹುಡುಗರು ವಿಡಿಯೋ ಕಳಿಸುತ್ತಿರಬೇಕು ಎಂದು ಅಪ್‌ಲೋಡಿಗೆ ಮಿತಿ ಹಾಕಿದೆ. ಅವರು ಎಂದಿನಂತೆ ಸಿನಿಮಾ ನೋಡಿದರು, ಫೋಟೋ ಮಾತ್ರ ಮನೆಗೆ ಹೋಗಲಿಲ್ಲ. ರೂಟರ್ ತನ್ನ ಕಡೆಯಿಂದ ಮಾತಾಡುತ್ತದೆ. ಅದಕ್ಕೆ 'ಔಟ್' ಆದದ್ದು ಅತಿಥಿಗಳಿಗೆ ಡೌನ್‌ಲೋಡ್.

3. ಜೀಪಿನ ಮೀಟರ್ ತಿರುಗಿ ಸೊನ್ನೆಗೆ ಬಂದದ್ದು ಕಾಣಲಿಲ್ಲ.

ರಾತ್ರಿ ಕ್ಯಾಮೆರಾ ರೆಕಾರ್ಡಿಂಗನ್ನು ಆಫೀಸಿನ ಡಿಸ್ಕಿಗೆ ನಕಲು ಮಾಡುವ ಏರ್ಪಾಡಿತ್ತು. ಪೋರ್ಟು ಪೂರ್ತಿ ಓಡುವ ಹೊತ್ತದು, ಗ್ರಾಫಿನಲ್ಲಿ ಮಾತ್ರ ತಗ್ಗು. ಕಾರಣ, ನಾನು ಓದುತ್ತಿದ್ದುದು 32 ಬಿಟ್‌ನ ಕೌಂಟರು. ಅದು ಸುಮಾರು 429 ಕೋಟಿ ಬೈಟ್ ಎಣಿಸಿ ಮತ್ತೆ ಸೊನ್ನೆಯಿಂದ ಶುರು ಮಾಡುತ್ತದೆ, ಹಳೆ ಜೀಪಿನ ಕಿಲೋಮೀಟರ್ ಮೀಟರಿನಂತೆ. 100 ಎಂಬಿಪಿಎಸ್‌ನಲ್ಲಿ ಒಂದು ಸುತ್ತಿಗೆ ಆರು ನಿಮಿಷವೂ ಬೇಡ. ರೂಟರಿಗೆ ತೊಂದರೆ ಕೊಡಬಾರದೆಂಬ ದಾಕ್ಷಿಣ್ಯದಿಂದ ನಾನು 15 ನಿಮಿಷಕ್ಕೊಮ್ಮೆ ಓದುತ್ತಿದ್ದೆ! ಅಷ್ಟರಲ್ಲಿ ಎರಡು ಸುತ್ತು ಮುಗಿದಿರುತ್ತಿತ್ತು. ಟೋಬಿಯಾಸ್ ಓಟಿಕರ್ 1995ರಲ್ಲಿ ಟ್ರಾಫಿಕ್ ಗ್ರಾಫ್ ಬಿಡಿಸುವ ಎಂಆರ್‌ಟಿಜಿ ಬರೆದಾಗಿನಿಂದ ಜನ ಐದು ನಿಮಿಷಕ್ಕೊಮ್ಮೆ ಓದುತ್ತಾ ಬಂದದ್ದು ಸುಮ್ಮನೆ ಅಲ್ಲ. ಈಗ 64 ಬಿಟ್ ಕೌಂಟರ್ ಓದುತ್ತೇನೆ. ರೂಟರಿನ ಲೆಕ್ಕ ಕೇಳುವ ಭಾಷೆಯಾದ ಎಸ್‌ಎನ್‌ಎಂಪಿಯ ಮೊದಲ ಆವೃತ್ತಿಗೆ ಅದು ಗೊತ್ತಿಲ್ಲ, 2ಸಿ ಆದರೂ ಬೇಕು.

4. ಕರೆಂಟು ಹೋಗಿ ಬಂದರೆ ಹೆಸರು ಅದಲುಬದಲು.

ಆಷಾಢದ ಮಳೆಯಲ್ಲಿ ಕರೆಂಟು ಹೋಯಿತು, ಯುಪಿಎಸ್ಸೂ ಸೋತಿತು. ರೂಟರ್ ಮತ್ತೆ ಎದ್ದ ಮೇಲೆ ಆಫೀಸಿನ ಗ್ರಾಫು ರಾತ್ರಿ ಎರಡಕ್ಕೆ ಉಕ್ಕತೊಡಗಿತು. ಆಫೀಸಿನ ಪಕ್ಕದಲ್ಲೇ ರೈಟರ ಮನೆ, ಅದೇ ವಿಲ್ಯಾನ್. ಮೆಲ್ಲಗೆ ವಿಚಾರಿಸಿದೆ. "ನಾನು ಎಂಟೂವರೆಗೆ ಮಲಗುವವ ಮಾರಾಯ್ರೆ" ಎಂದರು, ಎರಡು ದಿನ ಸರಿಯಾಗಿ ಮಾತಾಡಲಿಲ್ಲ. ತಪ್ಪು ನನ್ನದೇ. ಹಿಂದಿನ ವಾರ ಹೊಸದೊಂದು ವಿಲ್ಯಾನ್ ಸೇರಿಸಿದ್ದೆ. ರೂಟರ್ ಎದ್ದಾಗ ಸಬ್‌ಇಂಟರ್‌ಫೇಸುಗಳ ಕ್ರಮಸಂಖ್ಯೆ ಹೊಸದಾಗಿ ಹಂಚಿಹೋಗಿ, ಹಳೆ ಸಂಖ್ಯೆಯನ್ನೇ ಓದುತ್ತಿದ್ದ ಗ್ರಾಫಿನಲ್ಲಿ ಅತಿಥಿಗಳ ಲೆಕ್ಕ ಆಫೀಸಿನ ಖಾತೆಗೆ ಬೀಳುತ್ತಿತ್ತು. ಸಂಖ್ಯೆ ಬದಲಾಗದಂತೆ ರೂಟರಿಗೆ ಒಂದು ಸಾಲು ಬರೆದಿಟ್ಟೆ. ರೈಟರನ್ನು ಸಮಾಧಾನ ಮಾಡಲು ಮಾತ್ರ ಒಂದು ಸಾಲು ಸಾಲಲಿಲ್ಲ. ಅವರ ಮಗನ ಫೋನು ರಿಪೇರಿ ಮಾಡಿಕೊಡಬೇಕಾಯಿತು.