ವೃದ್ಧಾಪ್ಯ ಮತ್ತು ಔಷಧ ಸೇವನೆ

‘ಹತ್ತು ವರ್ಷದಿಂದ ಇದೇ ಮಾತ್ರೆ ನುಂಗ್ತಾ ಇವ್ನಿ ಡಾಕ್ಟ್ರೇ, ಈಗ್ಯಾಕೆ ತಲೆ ಸುತ್ತು ಬರ್ತದೆ?’ ಮಂಡ್ಯ, ಮದ್ದೂರು, ಮಳವಳ್ಳಿ ಭಾಗದ ಹಿರಿಯರಿಂದ ನಾವು ಮತ್ತೆ ಮತ್ತೆ ಕೇಳುವ ಪ್ರಶ್ನೆಯಿದು. ಮಾತ್ರೆ ಬದಲಾಗಿಲ್ಲವೆಂಬುದು ನಿಜ. ಆದರೆ ಅದನ್ನು ಸ್ವೀಕರಿಸುವ ಶರೀರವು ಈ ಹತ್ತು ವರ್ಷಗಳಲ್ಲಿ ಬಹಳಷ್ಟು ಬದಲಾಗಿರುತ್ತದೆ.

ಚರಕಸಂಹಿತೆಯ ವಿಮಾನಸ್ಥಾನವು ಚಿಕಿತ್ಸೆಗೆ ಮುನ್ನ ರೋಗಿಯಲ್ಲಿ ಪರೀಕ್ಷಿಸಬೇಕಾದ ಹತ್ತು ಅಂಶಗಳನ್ನು ಹೇಳುತ್ತದೆ. ಪ್ರಕೃತಿ, ಸಾರ, ಆಹಾರಶಕ್ತಿ ಮೊದಲಾದವುಗಳೊಡನೆ ವಯಸ್ಸೂ ಅದರಲ್ಲಿ ಸೇರಿದೆ. ಅರವತ್ತರ ನಂತರದ್ದು ವಾತಪ್ರಧಾನವಾದ ಜೀರ್ಣಾವಸ್ಥೆ. ಆಗ ಧಾತುಗಳೂ ಬಲವೂ ಕ್ರಮೇಣ ಕ್ಷೀಣಿಸುತ್ತವೆ. ಆದುದರಿಂದಲೇ ವೃದ್ಧರಿಗೆ ತೀಕ್ಷ್ಣ ಔಷಧಗಳು ಸಲ್ಲವೆಂಬುದು ನಮ್ಮ ಶಾಸ್ತ್ರದ ನಿಲುವು.

ಶರೀರದೊಳಗೆ ಆಗುವುದೇನು?

ವಯಸ್ಸಾದಂತೆ ದೇಹದಲ್ಲಿ ನೀರಿನ ಅಂಶ ಕಡಿಮೆಯಾಗಿ ಕೊಬ್ಬಿನ ಪಾಲು ಹೆಚ್ಚುತ್ತದೆ. ಕೊಬ್ಬಿನಲ್ಲಿ ಕರಗುವ ಔಷಧಗಳು ಅಲ್ಲಿಯೇ ಉಳಿದು ನಿಧಾನವಾಗಿ ಹೊರಬರುತ್ತವೆ. ನಿದ್ರೆಗಾಗಿ ನುಂಗುವ ಡಯಾಜೆಪಾಮ್ ಯುವಕನ ದೇಹದಲ್ಲಿ ಸುಮಾರು ಒಂದು ದಿನದಲ್ಲಿ ಅರ್ಧಕ್ಕಿಳಿದರೆ, ಎಂಬತ್ತರ ಹಿರಿಯರಲ್ಲಿ ಅದಕ್ಕೆ ಮೂರು ನಾಲ್ಕು ದಿನಗಳೇ ಬೇಕಾಗಬಹುದು. ಪ್ರತಿ ರಾತ್ರಿ ನುಂಗಿದರೆ ಹಳೆಯದರ ಮೇಲೆ ಹೊಸದು ಸೇರುತ್ತಾ ಹೋಗುತ್ತದೆ. ಹಗಲಿನ ತೂಕಡಿಕೆ, ಮರೆವು, ಬಚ್ಚಲಲ್ಲಿ ಜಾರಿ ಬೀಳುವುದು ಇದರ ಫಲ.

ಯಕೃತ್ತಿಗೆ ಹರಿಯುವ ರಕ್ತವೂ ಕಡಿಮೆಯಾಗುತ್ತದೆ. ಮೂತ್ರಪಿಂಡಗಳ ಶೋಧಿಸುವ ಶಕ್ತಿ ನಲವತ್ತರ ನಂತರ ಬಹುತೇಕರಲ್ಲಿ ವರ್ಷಕ್ಕೆ ಸರಿಸುಮಾರು ಶೇಕಡಾ 1ರಷ್ಟು ಕುಗ್ಗುತ್ತದೆ. ನಾಲೆಯ ನೀರು ಮೊದಲಿನಷ್ಟೇ ಬಂದರೂ ಬಸಿಗಾಲುವೆಯಲ್ಲಿ ಹೂಳು ತುಂಬಿದ್ದರೆ ಗದ್ದೆಯಲ್ಲಿ ನೀರು ನಿಲ್ಲುವುದಿಲ್ಲವೇ? ಔಷಧವೂ ಹಾಗೆಯೇ ನಿಲ್ಲುತ್ತದೆ. ರಕ್ತಪರೀಕ್ಷೆಯಲ್ಲಿ ‘ಕ್ರಿಯಾಟಿನಿನ್ ಸರಿಯಿದೆ’ ಎಂದು ನಿಶ್ಚಿಂತರಾಗುವಂತಿಲ್ಲ. ಅದು ಮಾಂಸಖಂಡಗಳಿಂದ ಉತ್ಪತ್ತಿಯಾಗುವ ವಸ್ತು. ಕೃಶರಾದ ವೃದ್ಧರಲ್ಲಿ ಮಾಂಸವೇ ಕಡಿಮೆಯಿರುವುದರಿಂದ ಮೂತ್ರಪಿಂಡ ಸೊರಗಿದ್ದರೂ ಅಂಕಿ ಸರಿಯಾಗಿಯೇ ಕಾಣಬಹುದು. ವಯಸ್ಸನ್ನೂ ಸೇರಿಸಿ ಲೆಕ್ಕ ಹಾಕುವ ಇ.ಜಿ.ಎಫ್.ಆರ್. ಎಷ್ಟೆಂದು ವೈದ್ಯರನ್ನು ಕೇಳಬೇಕು.

ನಮ್ಮದೇ ಒಂದು ಅನುಭವ

ಕೆಲವು ವರ್ಷಗಳ ಹಿಂದೆ ಮಳವಳ್ಳಿ ಕಡೆಯ, ಎಪ್ಪತ್ತಾರು ದಾಟಿದ ಹಿರಿಯರೊಬ್ಬರು ನಮ್ಮಲ್ಲಿಗೆ ಬಂದರು. ಮಧುಮೇಹಕ್ಕಾಗಿ ಬಹುಕಾಲದಿಂದ ಗ್ಲಿಬೆನ್‌ಕ್ಲಮೈಡ್ ಮಾತ್ರೆ ಸೇವಿಸುತ್ತಿದ್ದರು. ಅದನ್ನು ವಿಚಾರಿಸದೆಯೇ ನಾವು ಮಧುನಾಶಿನಿ ಚೂರ್ಣವನ್ನು ಕೊಟ್ಟೆವು. ಎರಡು ಮುದ್ದೆ ಉಣ್ಣುತ್ತಿದ್ದವರು ಅರ್ಧ ಮುದ್ದೆಗೆ ಇಳಿದಿದ್ದರೆಂಬುದನ್ನೂ ಕೇಳಲಿಲ್ಲ. ಮುಂಜಾನೆ ಸ್ನಾನ ಮುಗಿಸಿ, ಮಾತ್ರೆ ನುಂಗಿ ಇಷ್ಟಲಿಂಗ ಪೂಜೆಗೆ ಕುಳಿತರೆ, ಮುಗಿಯುವ ತನಕ ಅವರು ಏನನ್ನೂ ಸ್ವೀಕರಿಸುತ್ತಿರಲಿಲ್ಲ. ಒಂದು ದಿನ ಪೂಜೆಯಲ್ಲಿ ಕಣ್ಣುಮುಚ್ಚಿ ಕುಳಿತವರು ಕರೆದರೂ ಮಾತನಾಡಲಿಲ್ಲ. ಮನೆಯವರು ಅದನ್ನು ತನ್ಮಯತೆಯೆಂದೇ ಭಾವಿಸಿದರು. ಮೈಯೆಲ್ಲ ಬೆವೆತಿರುವುದನ್ನು ಸೊಸೆ ಗಮನಿಸಿದ್ದರಿಂದ ಪ್ರಾಣ ಉಳಿಯಿತು. ರಕ್ತದ ಸಕ್ಕರೆ ಅಪಾಯದ ಮಟ್ಟಕ್ಕೆ ಕುಸಿದಿತ್ತು. ಔಷಧವು ದೇಹದಿಂದ ಬೇಗ ಹೋಗದ ಕಾರಣ ಮರುದಿನವೂ ಸಕ್ಕರೆ ಇಳಿಯಿತು. ಕೇಳಬೇಕಾದುದನ್ನು ಕೇಳದ ತಪ್ಪು ನಮ್ಮದು. ಅಂದಿನಿಂದ ಹಿರಿಯರ ಔಷಧಚೀಲವನ್ನು ನೋಡದೆ ನಾವು ಚೀಟಿ ಬರೆಯುವುದಿಲ್ಲ.

‘ಆಯುರ್ವೇದ ಔಷಧಕ್ಕೆ ಅಡ್ಡಪರಿಣಾಮವಿಲ್ಲ’ ಎಂಬ ಮಾತು ಸರಿಯಲ್ಲ. ಅತಿಮಧುರವನ್ನು ಹೆಚ್ಚುಕಾಲ ಸೇವಿಸಿದರೆ ರಕ್ತದೊತ್ತಡ ಏರಿ, ಪೊಟ್ಯಾಸಿಯಮ್ ಇಳಿಯುತ್ತದೆ. ಮೂತ್ರಪಿಂಡ ದುರ್ಬಲವಾದವರು ಭಸ್ಮ, ರಸೌಷಧಗಳನ್ನು ತಾವಾಗಿಯೇ ಕೊಂಡು ಸೇವಿಸಬಾರದು.

ಪಾಲಿಸಬೇಕಾದ ಕ್ರಮಗಳು

1. ಮಾತ್ರೆ, ಚೂರ್ಣ, ಕಷಾಯ, ನಾಟಿ ಔಷಧ ಎಲ್ಲವನ್ನೂ ಒಂದೇ ಚೀಲದಲ್ಲಿ ಹಾಕಿ, ಆರು ತಿಂಗಳಿಗೊಮ್ಮೆ ವೈದ್ಯರಿಗೆ ತೋರಿಸಿರಿ. ಬೇರೆ ಬೇರೆ ಹೆಸರಿನಲ್ಲಿ ಒಂದೇ ಔಷಧ ಎರಡು ಬಾರಿ ಸೇರಿರಬಹುದು.

2. ಮಂಡಿನೋವಿಗೆ ಅಂಗಡಿಯಿಂದ ಡೈಕ್ಲೋಫೆನಾಕ್‌ನಂತಹ ಮಾತ್ರೆಗಳನ್ನು ತಂದು ನುಂಗಬೇಡಿರಿ. ಜಠರದಲ್ಲಿ ರಕ್ತಸ್ರಾವವಾಗಬಹುದು, ಮೂತ್ರಪಿಂಡ ಕೆಡಬಹುದು.

3. ನೆಗಡಿ ಮಾತ್ರೆಗಳಲ್ಲಿರುವ ಕ್ಲೋರ್‌ಫೆನಿರಮಿನ್ ಹಿರಿಯರಲ್ಲಿ ಮಂಕು, ಗೊಂದಲ, ಮೂತ್ರ ಕಟ್ಟುವಿಕೆಯನ್ನು ಉಂಟುಮಾಡಬಲ್ಲದು.

4. ರಕ್ತದೊತ್ತಡದ ಮಾತ್ರೆ ಸೇವಿಸುವವರು ಹಾಸಿಗೆಯಿಂದ ಏಳುವಾಗ ಒಂದೆರಡು ನಿಮಿಷ ಕುಳಿತು, ಅನಂತರ ನಿಲ್ಲಬೇಕು.

5. ಸಕ್ಕರೆ ಕಾಯಿಲೆಯವರು ಪೂಜೆ, ಪ್ರಸಾದದ ವೇಳೆ ಹಾಗೂ ಶಿವರಾತ್ರಿಯ ಉಪವಾಸವನ್ನು ವೈದ್ಯರಿಗೆ ಮೊದಲೇ ತಿಳಿಸಿ, ಮಾತ್ರೆಯ ಹೊತ್ತನ್ನೂ ಪ್ರಮಾಣವನ್ನೂ ನಿಗದಿಪಡಿಸಿಕೊಳ್ಳಬೇಕು. ಬೆವರು, ನಡುಕ, ಕಣ್ಣು ಮಂಜಾಗುವುದು ಕಂಡರೆ ಕೂಡಲೇ ಸಕ್ಕರೆ ಅಥವಾ ಬೆಲ್ಲದ ನೀರು ಕುಡಿಯಬೇಕು. ಪ್ರಜ್ಞೆ ತಪ್ಪಿದ್ದರೆ ಬಾಯಿಗೆ ಏನನ್ನೂ ಹಾಕದೆ ಆಸ್ಪತ್ರೆಗೆ ಒಯ್ಯಬೇಕು.

6. ಇದನ್ನು ಓದಿ ಯಾರೂ ತಾವಾಗಿಯೇ ಮಾತ್ರೆ ನಿಲ್ಲಿಸಬಾರದು. ರಕ್ತದೊತ್ತಡ, ಹೃದಯ, ಮೂರ್ಛೆರೋಗದ ಔಷಧಗಳನ್ನು ಹಠಾತ್ತನೆ ಬಿಡುವುದು ಅಪಾಯಕರ.

ಮನೆಯ ಕಿರಿಯರಲ್ಲಿ ನಮ್ಮದೊಂದು ವಿನಂತಿ. ತಂದೆತಾಯಿಗಳು ಮಾತ್ರೆ ನುಂಗಿದರೇ ಎಂದು ಕೇಳುವಾಗ, ಉಂಡರೇ ಎಂಬುದನ್ನೂ ಕೇಳಿರಿ. ಪೂಜೆಗೆ ಕುಳಿತ ಹಿರಿಯರನ್ನು ನಡುವೆ ಒಮ್ಮೆ ಇಣುಕಿ ನೋಡಿರಿ.