ಎಂಜಿನ್ ಆಯಿಲ್: ಡಬ್ಬಿಯ ಮೇಲಿನ ಅಂಕಿಗಳ ಅರ್ಥ

ಎಂಜಿನ್ ಆಯಿಲ್‌ನ ಡಬ್ಬಿಯ ಮೇಲೆ ‘20ಡಬ್ಲ್ಯು-40’, ‘5ಡಬ್ಲ್ಯು-30’ ಎಂಬ ಗುರುತುಗಳಿರುವುದನ್ನು ವಾಹನ ಮಾಲೀಕರು ಗಮನಿಸಿರಬಹುದು. ಇವು ಎಣ್ಣೆಯ ತೂಕವನ್ನಾಗಲಿ ಗುಣಮಟ್ಟವನ್ನಾಗಲಿ ತಿಳಿಸುವುದಿಲ್ಲ. ಅದರ ಸ್ನಿಗ್ಧತೆಯನ್ನು, ಅಂದರೆ ಹರಿಯುವಾಗ ಅದು ಒಡ್ಡುವ ಪ್ರತಿರೋಧವನ್ನು ಸೂಚಿಸುತ್ತವೆ.

ಜೋನಿಬೆಲ್ಲದಂತೆ ಎಣ್ಣೆಯೂ ಶಾಖದಲ್ಲಿ ತೆಳುವಾಗುತ್ತದೆ, ಚಳಿಯಲ್ಲಿ ಮಂದವಾಗುತ್ತದೆ. ಆದುದರಿಂದಲೇ ಎರಡು ಅಂಕಿಗಳು. ‘ಡಬ್ಲ್ಯು’ ಎಂಬುದು ಚಳಿಗಾಲದ ಸಂಕೇತ. ಅದಕ್ಕೆ ಮೊದಲಿರುವ ಅಂಕಿ ಕಡಿಮೆಯಾದಷ್ಟೂ ಎಣ್ಣೆಯು ಹೆಚ್ಚಿನ ಚಳಿಯಲ್ಲಿಯೂ ಸುಲಭವಾಗಿ ಹರಿಯುತ್ತದೆ. ಎರಡನೆಯ ಅಂಕಿಯು ಎಂಜಿನ್ ಕಾದಾಗಿನ, ಅಂದರೆ 100 ಡಿಗ್ರಿ ಸೆಲ್ಸಿಯಸ್‌ನಲ್ಲಿನ ಸ್ನಿಗ್ಧತೆಯ ದರ್ಜೆ. 30ಕ್ಕಿಂತ 40 ಹೆಚ್ಚು ಮಂದ.

ಎಣ್ಣೆ ಮಂದವಾದಷ್ಟೂ ಎಂಜಿನ್‌ಗೆ ರಕ್ಷಣೆ ಹೆಚ್ಚೆಂಬ ನಂಬಿಕೆ ಸರಿಯಲ್ಲ. ಚಳಿಯ ಮುಂಜಾನೆ ವಾಹನವನ್ನು ಚಾಲೂ ಮಾಡಿದಾಗ ಮಂದವಾದ ಎಣ್ಣೆಯು ಚಲಿಸುವ ಭಾಗಗಳನ್ನು ತಡವಾಗಿ ತಲುಪುತ್ತದೆ. ಅಷ್ಟರಲ್ಲಿ ಅವು ಉಜ್ಜಿ ಸವೆಯುವ ಸಂಭವವುಂಟು. ಇಂಧನವೂ ಹೆಚ್ಚು ವ್ಯಯವಾಗುತ್ತದೆ. ಅಗತ್ಯಕ್ಕಿಂತ ತೆಳುವಾದ ಎಣ್ಣೆಯ ಪದರವಾದರೋ ಶಾಖ ಮತ್ತು ಭಾರ ಹೆಚ್ಚಿದಾಗ ಹರಿದುಹೋಗಬಹುದು.

ಭಾಗಗಳ ನಡುವಿನ ತೆರಪು ಒಂದೊಂದು ಎಂಜಿನ್‌ನಲ್ಲಿ ಒಂದೊಂದು ಬಗೆ. ಹಳೆಯ ಕಾರಿಗೆ ಹೊಂದಿದ್ದ 20ಡಬ್ಲ್ಯು-40 ಹೊಸ ಕಾರಿಗೂ ಹೊಂದಬೇಕೆಂದಿಲ್ಲ. ಆದುದರಿಂದ ತಯಾರಕರ ಕೈಪಿಡಿಯನ್ನೇ ಅನುಸರಿಸಿರಿ. ಅದರಲ್ಲಿ ಹವಾಮಾನಕ್ಕನುಗುಣವಾಗಿ ಹಲವು ದರ್ಜೆಗಳಿದ್ದರೆ ನಿಮ್ಮ ಊರಿನ ಉಷ್ಣತೆಯನ್ನು ಗಮನಿಸಿರಿ: ದೆಹಲಿಯ ಜನವರಿ ಬೇರೆ, ಚೆನ್ನೈನ ಜನವರಿ ಬೇರೆ. ಸರ್ವಿಸ್‌ಗೆ ವಾಹನವನ್ನು ಒಪ್ಪಿಸುವಾಗ ಕೈಪಿಡಿಯಲ್ಲಿರುವ ದರ್ಜೆಯನ್ನು ಬರೆದುಕೊಡಿರಿ. ಎಣ್ಣೆಯನ್ನು ಸುರಿಯುವ ಮುನ್ನ ಡಬ್ಬಿಯನ್ನು ನೀವೇ ಓದಿ ನೋಡಿರಿ.